ಸೊಳ್ಳೆ ಕಡಿತ: ಜ್ವರದ ನೆರಳಿನಲ್ಲಿ ಮರೆತ ಬಾವು

ಧಾರವಾಡ ಜಿಲ್ಲೆಯ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ. ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿಗಳ ಭತ್ತದ ಗದ್ದೆ, ಕೆರೆ, ಕಾಡಿನಂಚು. ದಾಂಡೇಲಿಯ ರೈಲುಮಾರ್ಗ ಕವಲೊಡೆಯುವ ಅಳ್ನಾವರದ ಸೀಮೆಯಲ್ಲಿ ಒಂದು ಕಾಲಕ್ಕೆ ಸೊಳ್ಳೆ ಎಂದರೆ ಮಲೇರಿಯಾ ಎಂದೇ ಅರ್ಥ. ಜ್ವರ ಬಾರದಿದ್ದರೆ ಕಡಿತವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆದರೆ ಕೆಲವರಿಗೆ, ಅದರಲ್ಲೂ ಚಿಕ್ಕ ಮಕ್ಕಳಿಗೆ, ಕಡಿತವೇ ಒಂದು ಕಾಯಿಲೆ. ಇದನ್ನು ಗುರುತಿಸಲು ವೈದ್ಯಲೋಕಕ್ಕೂ ಬಹಳ ಕಾಲ ಬೇಕಾಯಿತು.

ರೊನಾಲ್ಡ್ ರಾಸ್ ಅವರ ಸೊಳ್ಳೆಯ ಕಥೆ ಕನ್ನಡ ನಾಡಿನಲ್ಲೇ ಆರಂಭವಾಗುತ್ತದೆ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ಅವರಿಗೆ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಡುವುದನ್ನು ಕಂಡು ಅದನ್ನು ಬರಿದು ಮಾಡಿಸಿದರು, ಕಾಟ ತಗ್ಗಿತು. ಆಗ ಅವರನ್ನು ಕಾಡಿದ್ದು ಬರೀ ಕಡಿತ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಅವರು ಕಂಡರು. ಅಲ್ಲಿಂದ ಮುಂದೆ ಜಗತ್ತಿನ ಗಮನವೆಲ್ಲ ಜ್ವರದ ಕಡೆಗೆ ಹರಿಯಿತು.

ನಮ್ಮ ಸೀಮೆಗೆ ಆ ಹೋರಾಟ ಬಂದದ್ದು 1940ರ ದಶಕದಲ್ಲಿ. ಆಗಿನ ಮುಂಬೈ ಪ್ರಾಂತ್ಯದ ಧಾರವಾಡ ಮತ್ತು ಕಾರವಾರ ಸೀಮೆಯ ಹಳ್ಳಿಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಮನೆಗಳ ಒಳಗೋಡೆಗೆ ಡಿಡಿಟಿ ಸಿಂಪಡಿಸಲಾಯಿತು. ದೇಶದ ಹಳ್ಳಿಗಳಲ್ಲಿ ನಡೆದ ಇಂಥ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಹರಿಯುವ ತಿಳಿನೀರಿನಲ್ಲಿ ಹುಟ್ಟುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯೇ ಇಲ್ಲಿನ ಮುಖ್ಯ ಶತ್ರು. ಮುಂದೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಜ್ವರ ತಗ್ಗಿತು. ಆದರೆ ಚರಂಡಿ, ಹೊಂಡಗಳಲ್ಲಿ ಹುಟ್ಟುವ ಬೇರೆ ಸೊಳ್ಳೆಗಳು ಉಳಿದವು, ಕಡಿತವೂ ಉಳಿಯಿತು.

ಕಡಿದ ಜಾಗ ಬಾಯುವುದೇಕೆ? ರಕ್ತ ಹೀರುವ ಹೆಣ್ಣುಸೊಳ್ಳೆ ರಕ್ತ ಹೆಪ್ಪುಗಟ್ಟದಂತೆ ತನ್ನ ಜೊಲ್ಲನ್ನು ನಮ್ಮ ಚರ್ಮದೊಳಗೆ ಬಿಡುತ್ತದೆ. ಆ ಜೊಲ್ಲಿನ ಪ್ರೋಟೀನುಗಳನ್ನು ದೇಹ ವೈರಿಯೆಂದು ಬಗೆಯುತ್ತದೆ. ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಂದು ತುರಿಕೆ, ದದ್ದು ಏಳುತ್ತವೆ. ದೇಹದ ಇಂಥ ಬದಲಾದ ಪ್ರತಿಕ್ರಿಯೆಗೆ 1906ರಲ್ಲಿ 'ಅಲರ್ಜಿ' ಎಂದು ಹೆಸರಿಟ್ಟವರು ವಿಯೆನ್ನಾದ ವೈದ್ಯ ಫಾನ್ ಪಿರ್ಕೆ. ಧಾರವಾಡ ಸೀಮೆಯಲ್ಲಿ ಡಿಡಿಟಿ ಸಿಂಪಡಣೆ ನಡೆದಿದ್ದ ಆ ವರ್ಷಗಳಲ್ಲೇ, 1946ರಲ್ಲಿ, ಇಂಗ್ಲೆಂಡಿನ ಕೀಟಶಾಸ್ತ್ರಜ್ಞ ಕೆನೆತ್ ಮೆಲನ್‌ಬಿ ಒಂದು ಸಂಗತಿ ತಿಳಿಸಿದರು: ಮತ್ತೆ ಮತ್ತೆ ಕಚ್ಚಿಸಿಕೊಂಡಂತೆ ದೇಹದ ಪ್ರತಿಕ್ರಿಯೆ ಹಂತ ಹಂತವಾಗಿ ಬದಲಾಗುತ್ತದೆ, ಕೊನೆಗೆ ತಗ್ಗುತ್ತದೆ. ಹಿರಿಯರಿಗೆ ಏನೂ ಅನ್ನಿಸದ ಕಡಿತಕ್ಕೆ ಅದೇ ಮನೆಯ ಕೂಸಿನ ಕಣ್ಣು ಮುಚ್ಚುವಷ್ಟು ಬಾವು ಬರುವುದರ ಗುಟ್ಟು ಇಲ್ಲಿದೆ.

ಈ ಅತಿ ಬಾವಿಗೆ ಹೆಸರು ಸಿಕ್ಕಿದ್ದು 1999ರಲ್ಲಿ. ಕೆನಡಾದ ಎಸ್ಟೆಲ್ ಸೈಮನ್ಸ್ ಮತ್ತು ಪೆಂಗ್ ಎಂಬ ಸಂಶೋಧಕರು ಇದನ್ನು 'ಸ್ಕೀಟರ್ ಸಿಂಡ್ರೋಮ್' ಎಂದು ಕರೆದರು. ಅಮೆರಿಕದ ಆಡುಮಾತಿನಲ್ಲಿ ಸ್ಕೀಟರ್ ಎಂದರೆ ಸೊಳ್ಳೆ. ಕಡಿದ ಕೆಲವೇ ಗಂಟೆಗಳಲ್ಲಿ ಕೈಯೋ ಮುಖವೋ ಕೆಂಪಗೆ ಬಿಸಿಯಾಗಿ ಊದುತ್ತದೆ, ಕೆಲವೊಮ್ಮೆ ಜ್ವರವೂ ಬರುತ್ತದೆ. ನೋಡಿದವರು ಕೀವಿನ ಸೋಂಕು ಎಂದೇ ಭಾವಿಸುತ್ತಾರೆ. ಸೋಂಕಿನ ಬಾವು ಸಾಮಾನ್ಯವಾಗಿ ಇಷ್ಟು ಬೇಗ ಏರುವುದಿಲ್ಲ. ಆದ್ದರಿಂದ ಸೊಳ್ಳೆ ಕಚ್ಚಿದ್ದು ಯಾವಾಗ, ಬಾವು ಕಂಡದ್ದು ಯಾವಾಗ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಇಲ್ಲವಾದರೆ ಬೇಡದ ಆಂಟಿಬಯಾಟಿಕ್ ಮಗುವಿನ ಹೊಟ್ಟೆ ಸೇರೀತು.

ಮನೆಯಲ್ಲಿ ಮಾಡಬೇಕಾದದ್ದು ಸರಳ. ಸೋಪು ನೀರಿನಿಂದ ತೊಳೆಯಿರಿ, ತಣ್ಣೀರಿನ ಬಟ್ಟೆ ಇಡಿ, ಉಗುರು ಕತ್ತರಿಸಿ. ಕೆರೆದರೆ ನಿಜವಾದ ಸೋಂಕೇ ಬಂದೀತು. ಸುಣ್ಣ ಹಚ್ಚಿದರೆ ಚರ್ಮ ಸುಟ್ಟೀತು. ತುರಿಕೆಯ ಗುಳಿಗೆ, ಮುಲಾಮು ವೈದ್ಯರ ಸಲಹೆಯಂತೆ ಇರಲಿ. ತೀರ ಅಪರೂಪಕ್ಕೆ ಮೈತುಂಬ ಗಂಧೆ, ಉಸಿರುಕಟ್ಟು, ಗಂಟಲು ಬಿಗಿತ, ವಾಂತಿ, ತಲೆಸುತ್ತು ಕಾಣಿಸಬಹುದು. ಇದು ಅನಾಫಿಲ್ಯಾಕ್ಸಿಸ್, ಪ್ರಾಣಕ್ಕೆ ಅಪಾಯ. ಆಗ ಗುಳಿಗೆ ನಂಬಿ ಕೂರದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು ಅಥವಾ 108ಕ್ಕೆ ಕರೆ ಮಾಡಬೇಕು. ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಇದಕ್ಕೆ ಮೊದಲ ಔಷಧಿ.

ತಡೆಯ ದಾರಿ ಮಾತ್ರ ರಾಸ್ ಬೆಂಗಳೂರಿನಲ್ಲಿ ಕಂಡದ್ದೇ: ನಿಂತ ನೀರನ್ನು ಚೆಲ್ಲಬೇಕು. ಅದರ ಜೊತೆಗೆ ಪರದೆ, ತುಂಬುತೋಳಿನ ಅಂಗಿ. 'ಜ್ವರ ಬರಲಿಲ್ಲವಲ್ಲ, ಬಿಡಿ' ಎನ್ನುವ ಹಳೆಯ ಸಮಾಧಾನ, ಮುಖ ಊದಿಕೊಂಡು ಅಳುವ ಮಗುವಿನ ಮುಂದೆ ಸಲ್ಲದು.