ಸಿಂಗಲ್‌ಟನ್ ವಿನ್ಯಾಸ ಮಾದರಿ

ಸಿಂಗಲ್‌ಟನ್ ಎಂಬುದು ತಂತ್ರಾಂಶ ರಚನೆಯಲ್ಲಿ ಬಳಸುವ ಒಂದು ವಿನ್ಯಾಸ ಮಾದರಿ. ಒಂದು ಕ್ಲಾಸ್‌ನಿಂದ ಒಂದೇ ಆಬ್ಜೆಕ್ಟ್ ರಚನೆಯಾಗುವಂತೆ ನಿರ್ಬಂಧಿಸಿ, ಪ್ರೋಗ್ರಾಮಿನ ಯಾವ ಭಾಗದಿಂದಲಾದರೂ ಅದನ್ನು ಪಡೆಯುವ ದಾರಿಯನ್ನು ಒದಗಿಸುವುದು ಇದರ ಉದ್ದೇಶ. ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್ ಮತ್ತು ಜಾನ್ ವ್ಲಿಸಿಡೆಸ್ ಅವರ ‘ಡಿಸೈನ್ ಪ್ಯಾಟರ್ನ್ಸ್’ (1994) ಗ್ರಂಥವು ವಿವರಿಸುವ 23 ಮಾದರಿಗಳಲ್ಲಿ ಇದೂ ಒಂದು.

ರಚನೆ

ಕ್ಲಾಸ್‌ನ ಕನ್‌ಸ್ಟ್ರಕ್ಟರನ್ನು ಪ್ರೈವೇಟ್ ಎಂದು ಘೋಷಿಸಿದರೆ ಹೊರಗಿನವರು ಹೊಸ ಆಬ್ಜೆಕ್ಟ್ ರಚಿಸಲಾಗದು. ಒಂದು ಸ್ಟ್ಯಾಟಿಕ್ ಮೆಥಡ್ ಮೊದಲ ಕರೆಯಲ್ಲಿ ಆಬ್ಜೆಕ್ಟನ್ನು ರಚಿಸಿ, ಮುಂದಿನ ಕರೆಗಳಿಗೆಲ್ಲ ಅದನ್ನೇ ಹಿಂದಿರುಗಿಸುತ್ತದೆ. ಎರಡು ಥ್ರೆಡ್‌ಗಳು ಏಕಕಾಲಕ್ಕೆ ಮೊದಲ ಕರೆ ಮಾಡಿದರೆ ಎರಡು ಆಬ್ಜೆಕ್ಟ್‌ಗಳು ಹುಟ್ಟುವ ಅಪಾಯವಿರುವುದರಿಂದ ಲಾಕ್ ಅಗತ್ಯ. ಜಾವಾದಲ್ಲಿ ಒಂದೇ ಸದಸ್ಯವುಳ್ಳ ಈನಮ್ ಬಳಸಿದರೆ ಈ ತೊಡಕು ತಪ್ಪುತ್ತದೆ.

ಬಳಸಬಹುದಾದ ಸಂದರ್ಭಗಳು

ವಸ್ತುವಿನ ಸ್ವಭಾವದಲ್ಲಿಯೇ ಏಕತ್ವವಿದ್ದು, ಎರಡನೆಯದು ಹುಟ್ಟಿದರೆ ಹಾನಿಯಾಗುವಲ್ಲಿ ಈ ಮಾದರಿ ಉಚಿತ. ಒಂದೇ ಕಡತಕ್ಕೆ ಬರೆಯುವ ಲಾಗರ್ ಮತ್ತು ಒಂದೇ ಯಂತ್ರಭಾಗವನ್ನು ನಿಯಂತ್ರಿಸುವ ಆಬ್ಜೆಕ್ಟ್ ಇದಕ್ಕೆ ಉದಾಹರಣೆಗಳು.

ತೊರೆಯಬೇಕಾದ ಸಂದರ್ಭಗಳು

ಎಲ್ಲೆಡೆಯಿಂದ ಸುಲಭವಾಗಿ ಸಿಗಲಿ ಎಂಬ ಒಂದೇ ಕಾರಣಕ್ಕೆ ಇದನ್ನು ಬಳಸುವುದು ಉಚಿತವಲ್ಲ. ಆಗ ಯಾವ ಭಾಗವು ಯಾವುದನ್ನು ಅವಲಂಬಿಸಿದೆ ಎಂಬುದು ಮರೆಯಾಗುತ್ತದೆ. ಒಂದು ಪರೀಕ್ಷೆಯಲ್ಲಿ ಬದಲಾದ ಮೌಲ್ಯವು ಉಳಿದು ಮುಂದಿನ ಪರೀಕ್ಷೆಯ ಫಲಿತಾಂಶವನ್ನು ಕೆಡಿಸುತ್ತದೆ. ಸಹಲೇಖಕ ಗಾಮಾ ಅವರೇ 2009ರ ಸಂದರ್ಶನವೊಂದರಲ್ಲಿ ಈ ಮಾದರಿಯನ್ನು ಪಟ್ಟಿಯಿಂದ ಕೈಬಿಡುವ ಇಚ್ಛೆ ವ್ಯಕ್ತಪಡಿಸಿದರು. ಪ್ರೋಗ್ರಾಮಿನ ಆರಂಭದಲ್ಲಿ ಒಂದು ಆಬ್ಜೆಕ್ಟನ್ನು ರಚಿಸಿ, ಬೇಕಾದ ಭಾಗಗಳಿಗೆ ಕನ್‌ಸ್ಟ್ರಕ್ಟರ್ ಮೂಲಕ ಒಪ್ಪಿಸುವ ‘ಡಿಪೆಂಡೆನ್ಸಿ ಇಂಜೆಕ್ಷನ್’ ಇದಕ್ಕೆ ಪರ್ಯಾಯ.

ವ್ಯಾಪ್ತಿಯ ಮಿತಿ

ಸಿಂಗಲ್‌ಟನ್ ನೀಡುವ ಏಕತ್ವವು ಚಾಲನೆಯಲ್ಲಿರುವ ಒಂದು ಪ್ರೋಗ್ರಾಮಿಗೆ ಸೀಮಿತವಾದುದು. ಕರ್ನಾಟಕದ ಭೂದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಂತಹ ವ್ಯವಸ್ಥೆಯನ್ನು ಪರಿಗಣಿಸಿದರೆ ಇದು ಸ್ಪಷ್ಟವಾಗುತ್ತದೆ. ರೋಣದಂತಹ ತಾಲೂಕು ಕಚೇರಿಯ ಎರಡು ಗಣಕಗಳಲ್ಲಿ ಒಂದೇ ತಂತ್ರಾಂಶ ನಡೆಯುತ್ತಿದ್ದರೆ ಎರಡು ಸಿಂಗಲ್‌ಟನ್‌ಗಳಿರುತ್ತವೆ. ಒಂದು ಇನ್ನೊಂದನ್ನು ಅರಿಯದು. ಒಂದೇ ಸರ್ವೆ ನಂಬರಿನ ಪಹಣಿಯನ್ನು, ಅಂದರೆ ಉತ್ತರ ಕರ್ನಾಟಕದ ರೂಢಿಯಲ್ಲಿ ಉತಾರವನ್ನು, ಎರಡೂ ಕಡೆ ಏಕಕಾಲಕ್ಕೆ ತಿದ್ದಿದರೆ ಒಂದು ತಿದ್ದುಪಡಿ ಅಳಿಸಿಹೋಗಬಹುದು. ರೈತನ ಹಕ್ಕಿಗೇ ಧಕ್ಕೆ ಬರಬಹುದು. ಇದನ್ನು ತಡೆಯಬಲ್ಲವು ದತ್ತಾಂಶಕೋಶದ ಅನನ್ಯ ಕೀಲಿ, ಲಾಕ್ ಹಾಗೂ ಟ್ರಾನ್ಸಾಕ್ಷನ್‌ಗಳು. ಆದ್ದರಿಂದ ದಾಖಲೆಯ ಏಕತ್ವವನ್ನು ಕಾಯುವ ಹೊಣೆಯನ್ನು ಸಿಂಗಲ್‌ಟನ್‌ಗೆ ವಹಿಸಲಾಗದು.