ಸಿಲಿಂಡರ್ ಹೆಡ್ ಬೋಲ್ಟ್: ಬಿಗಿಯಾದಷ್ಟೂ ಒಳ್ಳೆಯದೇ?

"ಕೈಯಲ್ಲಿ ಎಷ್ಟು ಬಲವಿದೆಯೋ ಅಷ್ಟೂ ಹಾಕಿ ಬಿಗಿ ಮಾಡಿ, ಹೆಡ್ ಗ್ಯಾಸ್ಕೆಟ್ ಎಂದೂ ಸೋರಲ್ಲ." "ಹಳೇ ಬೋಲ್ಟ್ ಚೆನ್ನಾಗೇ ಇದೆ, ಹೊಸದು ಹಾಕೋದು ದುಡ್ಡು ಮಾಡೋ ದಾರಿ." ಕಾರಿನ ಎಂಜಿನ್ ಬಿಚ್ಚಿ ಜೋಡಿಸುವಾಗ ಇಂಥ ಮಾತುಗಳನ್ನು ನೀವೂ ಕೇಳಿರಬಹುದು. ಮೊದಲನೆಯದು ತಪ್ಪು. ಎರಡನೆಯದು ಇಂದಿನ ಬಹಳಷ್ಟು ಕಾರುಗಳ ಮಟ್ಟಿಗೆ ತಪ್ಪು. ಏಕೆ ಎಂದು ನೋಡೋಣ.

ಹೆಡ್ ಬೋಲ್ಟ್ ಮಾಡುವ ಕೆಲಸವೇನು?

ಎಂಜಿನ್‌ನ ಕೆಳಭಾಗ ಬ್ಲಾಕ್, ಮೇಲಿನ ಮುಚ್ಚಳ ಸಿಲಿಂಡರ್ ಹೆಡ್. ಇವೆರಡರ ನಡುವೆ ಇರುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್. ಉರಿಯುವ ಅನಿಲ, ಕೂಲೆಂಟ್ ಮತ್ತು ಆಯಿಲ್ ಒಂದಕ್ಕೊಂದು ಬೆರೆಯದಂತೆ ಅದು ತಡೆಯುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಪ್ರತಿ ಸಿಲಿಂಡರ್‌ನಲ್ಲಿ ಸೆಕೆಂಡಿಗೆ 25 ಸಲ ಇಂಧನ ಉರಿಯುತ್ತದೆ. ಪ್ರತಿ ಸಲವೂ ಹೆಡ್ ಮೇಲಕ್ಕೆ ಏಳಲು ನೋಡುತ್ತದೆ. ಅದನ್ನು ಅದುಮಿ ಹಿಡಿಯುವುದು ಬೋಲ್ಟ್‌ಗಳ ಕೆಲಸ.

ಬೋಲ್ಟ್ ಒಂದು ಸ್ಪ್ರಿಂಗ್

ಬಿಗಿ ಮಾಡಿದಾಗ ಉಕ್ಕಿನ ಬೋಲ್ಟ್ ಕೂದಲೆಳೆಯಷ್ಟು ಹಿಗ್ಗುತ್ತದೆ. ರಬ್ಬರ್ ಬ್ಯಾಂಡ್‌ನಂತೆ ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಹೆಡ್ಡನ್ನು ಹಿಡಿದಿಡುತ್ತದೆ. ಹಿಗ್ಗುವಿಕೆ ಕಡಿಮೆಯಾದರೆ ಹಿಡಿತ ಸಾಲದು. ಮಿತಿ ಮೀರಿ ಹಿಗ್ಗಿಸಿದರೆ ಬೋಲ್ಟ್ ಸಡಿಲಾಗಬಹುದು, ತುಂಡಾಗಬಹುದು, ಇಲ್ಲವೇ ಬ್ಲಾಕ್‌ನ ಥ್ರೆಡ್ ಕಿತ್ತು ಬರಬಹುದು.

ಇನ್ನೊಂದು ವಿಷಯವೂ ಇದೆ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೆಡ್ ಅಲ್ಯೂಮಿನಿಯಂನದ್ದಾಗಿದ್ದರೆ ಎಂಜಿನ್ ಬಿಸಿಯಾದಾಗ ಬೋಲ್ಟ್ ಮೇಲಿನ ಎಳೆತ ಮತ್ತಷ್ಟು ಏರುತ್ತದೆ. ತಣ್ಣಗಿದ್ದಾಗಲೇ ಅತಿ ಬಿಗಿಯಾದ ಬೋಲ್ಟ್‌ಗೆ ಆಗ ಜಾಗವೇ ಉಳಿದಿರುವುದಿಲ್ಲ.

ಟಾರ್ಕ್ ವ್ರೆಂಚ್ ಇದ್ದರೆ ಸಾಕೇ?

ಬೇಕೇ ಬೇಕು, ಆದರೆ ಅದೊಂದೇ ಸಾಲದು. ಟಾರ್ಕ್ ಎಂದರೆ ತಿರುಗಿಸುವ ಬಲ. ನಾವು ಹಾಕುವ ಬಲದಲ್ಲಿ ಸುಮಾರು 10ರಲ್ಲಿ 9 ಪಾಲು ಬೋಲ್ಟ್‌ನ ತಲೆಯ ಕೆಳಗಿನ ಮತ್ತು ಥ್ರೆಡ್‌ನ ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಸುಮಾರು 1 ಪಾಲು. ಥ್ರೆಡ್‌ನಲ್ಲಿ ತುಕ್ಕು, ಕೊಳೆ ಇದ್ದರೆ ವ್ರೆಂಚ್ "ಟಕ್" ಎನ್ನುತ್ತದೆ, ಆದರೆ ಹಿಡಿತ ಬಂದಿರುವುದಿಲ್ಲ. ಒಣ ಥ್ರೆಡ್‌ಗೆ ಹೇಳಿದ ಅಳತೆಯನ್ನು ಎಣ್ಣೆ ಹಚ್ಚಿದ ಥ್ರೆಡ್‌ಗೆ ಬಳಸಿದರೆ ಅತಿ ಬಿಗಿಯಾಗುತ್ತದೆ. ಹಾಗಾಗಿ ಎಣ್ಣೆ ಹಚ್ಚಬೇಕೋ ಬೇಡವೋ ಎಂಬುದನ್ನು ಆ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಬೇಕು.

ಈ ತೊಂದರೆ ತಪ್ಪಿಸಲೆಂದೇ ಅನೇಕ ಎಂಜಿನ್‌ಗಳಲ್ಲಿ ಕೊನೆಯ ಹಂತವನ್ನು ಕೋನದಲ್ಲಿ ಹೇಳಿರುತ್ತಾರೆ. ಫೋಕ್ಸ್‌ವ್ಯಾಗನ್‌ನ 1.9 ಟಿಡಿಐ (ಎಎಲ್‌ಎಚ್) ಡೀಸೆಲ್ ಎಂಜಿನ್‌ನಲ್ಲಿ ಮೊದಲು ಎಲ್ಲ ಬೋಲ್ಟ್‌ಗಳಿಗೂ 40 ನ್ಯೂಟನ್ ಮೀಟರ್, ನಂತರ 60, ಆಮೇಲೆ 90 ಡಿಗ್ರಿ, ಕೊನೆಗೆ ಮತ್ತೊಂದು 90 ಡಿಗ್ರಿ. ಘರ್ಷಣೆ ಎಷ್ಟೇ ಇರಲಿ, ಕಾಲು ಸುತ್ತು ತಿರುಗಿದ ಬೋಲ್ಟ್ ಅಷ್ಟೇ ದೂರ ಒಳಗೆ ಇಳಿಯುತ್ತದೆ. ಆದ್ದರಿಂದ ಎಲ್ಲ ಬೋಲ್ಟ್‌ಗಳ ಹಿಗ್ಗುವಿಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಈ ಅಳತೆ ಆ ಎಂಜಿನ್‌ಗೆ ಮಾತ್ರ. ನಿಮ್ಮ ಕಾರಿಗೆ ಬಳಸಬೇಡಿ.

ನಡುವಿನಿಂದ ಹೊರಕ್ಕೆ ಏಕೆ?

ಮೊಬೈಲ್‌ಗೆ ಸ್ಕ್ರೀನ್ ಗಾರ್ಡ್ ಅಂಟಿಸುವುದನ್ನು ನೆನಪಿಸಿಕೊಳ್ಳಿ. ನಡುವಿನಿಂದ ಅಂಚಿಗೆ ಒತ್ತುತ್ತಾ ಹೋದರೆ ಗುಳ್ಳೆ ಉಳಿಯುವುದಿಲ್ಲ. ಹೆಡ್ ಕೂಡ ಹಾಗೆಯೇ. ಸಾಮಾನ್ಯವಾಗಿ ನಡುವಿನ ಬೋಲ್ಟ್‌ಗಳಿಂದ ಶುರುಮಾಡಿ ಎರಡೂ ತುದಿಗಳ ಕಡೆಗೆ, ಹಂತಹಂತವಾಗಿ ಬಿಗಿಗೊಳಿಸುತ್ತಾರೆ. ತುದಿಗಳನ್ನು ಮೊದಲೇ ಬಿಗಿ ಮಾಡಿದರೆ ಹೆಡ್ ಸಮನಾಗಿ ಕೂರುವುದಿಲ್ಲ. ಬಿಚ್ಚುವಾಗ ಕ್ರಮ ಉಲ್ಟಾ: ತುದಿಯಿಂದ ನಡುವಿಗೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ.

ಹಳೇ ಬೋಲ್ಟ್ ಮತ್ತೆ ಬಳಸಬಹುದೇ?

ಕೋನದ ಲೆಕ್ಕದಲ್ಲಿ ಬಿಗಿ ಮಾಡುವ ಬೋಲ್ಟ್‌ಗಳಲ್ಲಿ ಅನೇಕವನ್ನು ಸ್ವಲ್ಪ ಶಾಶ್ವತವಾಗಿ ಹಿಗ್ಗುವವರೆಗೆ ಎಳೆದಿರುತ್ತಾರೆ. ಕಣ್ಣಿಗೆ ಹೊಸದರಂತೆ ಕಂಡರೂ ಅವು ಈಗಾಗಲೇ ಉದ್ದವಾಗಿರುತ್ತವೆ. ಮತ್ತೆ ಬಳಸಿದರೆ ತುಂಡಾಗುವ ಅಪಾಯವಿದೆ. ಮ್ಯಾನ್ಯುಯಲ್‌ನಲ್ಲಿ "ಬದಲಿಸಿ" ಎಂದಿದ್ದರೆ ಮೆಕ್ಯಾನಿಕ್ ಹೊಸ ಬೋಲ್ಟ್ ಕೇಳುವುದು ಮೋಸವಲ್ಲ. ಕೆಲವು ಎಂಜಿನ್‌ಗಳಲ್ಲಿ ಉದ್ದ ಅಳೆದು, ಮಿತಿಯೊಳಗಿದ್ದರೆ ಮತ್ತೆ ಬಳಸಲು ಅವಕಾಶವಿರುತ್ತದೆ.

ಮರೆಯಬಾರದ ಒಂದು ಅಂಶ

ಬ್ಲಾಕ್‌ನ ಬೋಲ್ಟ್ ರಂಧ್ರಗಳಲ್ಲಿ ಅನೇಕವು ಕೆಳಗೆ ಮುಚ್ಚಿರುತ್ತವೆ. ಅದರಲ್ಲಿ ನೀರು ಅಥವಾ ಆಯಿಲ್ ನಿಂತಿದ್ದರೆ ಬೋಲ್ಟ್ ಇಳಿದಾಗ ದ್ರವಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕ್ ಸೀಳಬಹುದು. ರಂಧ್ರ ಒಣಗಿರಬೇಕು.

ತಪ್ಪಾದರೆ ಗೊತ್ತಾಗುವುದು ಹೇಗೆ?

ಕೂಲೆಂಟ್ ಪದೇಪದೇ ಕಡಿಮೆಯಾಗುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ, ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ ಆಯಿಲ್, ಟೆಂಪರೇಚರ್ ಮುಳ್ಳು ಏರುವುದು. ಇವು ಕಂಡರೆ ಕಾರು ಓಡಿಸುವುದನ್ನು ನಿಲ್ಲಿಸಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮಬಹುದು.

ಕೊನೆಯ ಮಾತು

ಗ್ಯಾರೇಜ್‌ನಲ್ಲಿ ಮೂರು ಪ್ರಶ್ನೆ ಕೇಳಿ: ನನ್ನ ಎಂಜಿನ್‌ನ ಟಾರ್ಕ್ ಅಳತೆ ಮತ್ತು ಕ್ರಮ ಯಾವುದು? ಬೋಲ್ಟ್ ಬದಲಿಸಬೇಕೇ? ಟಾರ್ಕ್ ವ್ರೆಂಚ್ ಬಳಸುತ್ತೀರಾ? ಅನುಭವಿ ಕೈಗೂ ಘರ್ಷಣೆ ಎಷ್ಟು, ಹಿಗ್ಗುವಿಕೆ ಎಷ್ಟು ಎಂದು ಬೇರ್ಪಡಿಸಿ ತಿಳಿಯುವುದಿಲ್ಲ. ಬೇಕಿರುವುದು ಹೆಚ್ಚು ಬಲವಲ್ಲ, ಸರಿಯಾದ ಅಳತೆ.