ಸೂಪರ್‌ಸೀಡ್

ಹಿಂದಿನದನ್ನು ಬದಿಗೆ ಸರಿಸಿ ಅದರ ಸ್ಥಾನವನ್ನೂ ಅಧಿಕಾರವನ್ನೂ ತಾನು ಪಡೆಯುವುದು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದ. ಲ್ಯಾಟಿನ್ ಮೂಲದಲ್ಲಿ ‘ಮೇಲೆ ಕೂರು’ ಎಂದರ್ಥ. ಸುಟ್ಟ ಬಲ್ಬು ತೆಗೆದು ಅಂಥದ್ದೇ ಇನ್ನೊಂದನ್ನು ಹಾಕಿದರೆ ಅದು ಬರೀ ರಿಪ್ಲೇಸ್; ಹೊಸ ಸುತ್ತೋಲೆ ಹಳೆಯದನ್ನು ಅನೂರ್ಜಿತಗೊಳಿಸಿದರೆ ಸೂಪರ್‌ಸೀಡ್.

ಕನ್ನಡ ಪತ್ರಿಕೆಗಳಲ್ಲಿ ಈ ಪದ ಕಾಣುವುದು, ಸ್ಥಳೀಯ ಸಂಸ್ಥೆ ಅಥವಾ ಸಹಕಾರ ಸಂಘದ ಚುನಾಯಿತ ಮಂಡಳಿಯನ್ನು ತೆಗೆದು ಸರ್ಕಾರ ಆಡಳಿತಾಧಿಕಾರಿಯನ್ನು ಕೂರಿಸಿದಾಗ. ನೌಕರಿಯಲ್ಲಿ ಹಿರಿಯರನ್ನು ಬದಿಗಿಟ್ಟು ಕಿರಿಯರಿಗೆ ಬಡ್ತಿ ಕೊಡುವುದಕ್ಕೂ ಇದೇ ಮಾತು. ಇದರ ಕುಖ್ಯಾತ ನಿದರ್ಶನ 1973ರದು: ನ್ಯಾಯಮೂರ್ತಿಗಳಾದ ಶೇಲತ್, ಹೆಗ್ಡೆ, ಗ್ರೋವರ್ ಅವರನ್ನು ಬಿಟ್ಟು ಎ.ಎನ್. ರೇ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕನ್ನಡಿಗರಾದ ಕೆ.ಎಸ್. ಹೆಗ್ಡೆ 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು.